ಮಗು ಶಾಲೆಯನ್ನು ಆರಿಸುತ್ತದೋ, ಶಾಲೆ ಮಗುವನ್ನೋ?

2011ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್ ಊರಿನ ಒಬ್ಬ ತಾಯಿ ಒಂಬತ್ತು ದಿನ ಜೈಲಿನಲ್ಲಿದ್ದರು. ಮಾಡಿದ ತಪ್ಪು ಇಷ್ಟೇ: ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಊರಿನ ಒಳ್ಳೆಯ ಸರ್ಕಾರಿ ಶಾಲೆಗೆ ಸೇರಿಸಲು ತಮ್ಮ ವಿಳಾಸದ ಬದಲು ತಮ್ಮ ತಂದೆಯ ಮನೆ ವಿಳಾಸ ಕೊಟ್ಟಿದ್ದರು. ಆ ಶಾಲೆಗಳನ್ನು ನಡೆಸುವವರು ಖಾಸಗಿ ಪತ್ತೇದಾರನನ್ನು ನೇಮಿಸಿ, ಮಕ್ಕಳು ಎಲ್ಲಿಂದ ಬರುತ್ತಾರೆ ಎಂದು ವಿಡಿಯೊ ತೆಗೆಸಿದ್ದರು. ಸರ್ಕಾರಿ ಶಾಲೆಯ ಸೀಟಿಗೆ ಪತ್ತೇದಾರ! ವಿಚಿತ್ರ ಅನ್ನಿಸುತ್ತದೆ, ಅಲ್ವಾ?

ಅಲ್ಲಿನ ವ್ಯವಸ್ಥೆ ನೋಡಿದರೆ ಇದು ಅಷ್ಟು ವಿಚಿತ್ರವಲ್ಲ. ಅಮೆರಿಕದಲ್ಲಿ ಸರ್ಕಾರಿ ಶಾಲೆ ಮನೆಯ ವಿಳಾಸಕ್ಕೆ ಅಂಟಿಕೊಂಡಿದೆ. ದೇಶದ ತುಂಬ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಪ್ರತಿಯೊಂದಕ್ಕೂ ತನ್ನದೇ ಗಡಿ, ತನ್ನದೇ ಆಡಳಿತ ಮಂಡಳಿ. ಶಾಲೆಯ ಖರ್ಚಿನಲ್ಲಿ ಅರ್ಧಕ್ಕೆ ಹತ್ತಿರದಷ್ಟು ಸ್ಥಳೀಯವಾಗಿಯೇ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಆಸ್ತಿ ತೆರಿಗೆ. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ತೆರಿಗೆ ಜಾಸ್ತಿ, ಶಾಲೆಗೂ ದುಡ್ಡು ಜಾಸ್ತಿ. ಶಾಲೆ ಚೆನ್ನಾಗಿದೆ ಎಂದು ಗೊತ್ತಾದರೆ ಅಲ್ಲಿನ ಮನೆಗಳ ಬೆಲೆ ಇನ್ನೂ ಏರುತ್ತದೆ.

ಅಂದರೆ ಶಾಲೆ ಆರಿಸುವ ಅವಕಾಶ ಅಮೆರಿಕದಲ್ಲಿ ಮೊದಲಿನಿಂದಲೂ ಇತ್ತು. ಒಳ್ಳೆಯ ಶಾಲೆಯ ಪಕ್ಕ ಮನೆ ಕೊಳ್ಳುವ ಶಕ್ತಿ ಇದ್ದವರಿಗೆ ಮಾತ್ರ ಇತ್ತು, ಅಷ್ಟೇ. ‘ಸ್ಕೂಲ್ ಚಾಯ್ಸ್’ ಎಂಬ ಹೆಸರಿನಲ್ಲಿ ಅಲ್ಲಿ ಎಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ಜಗಳ, ಆ ಅವಕಾಶವನ್ನು ಉಳಿದವರಿಗೂ ಕೊಡಬೇಕೇ, ಕೊಟ್ಟರೆ ಹೇಗೆ ಎಂಬುದರ ಬಗ್ಗೆ. ಈ ಜಗಳವನ್ನು ಸಾಮಾನ್ಯವಾಗಿ ‘ಖಾಸಗಿಯೋ ಸರ್ಕಾರಿಯೋ’ ಎಂಬ ಎರಡು ಪಕ್ಷಗಳ ಹೋರಾಟ ಎಂದು ವರ್ಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅರ್ಜಿ ಯಾವಾಗ ಕೊಡಬೇಕು, ಸೀಟು ಕಡಿಮೆ ಬಿದ್ದರೆ ಯಾರಿಗೆ ಕೊಡಬೇಕು, ಬಸ್ಸಿನ ಖರ್ಚು ಯಾರದ್ದು, ಮೇಲೆ ಫೀಸು ಕೇಳಬಹುದೇ ಎಂಬಂಥ ಸಣ್ಣ ಅಕ್ಷರದ ನಿಯಮಗಳೇ ಪ್ರತಿ ಸಲವೂ ಫಲಿತಾಂಶ ತೀರ್ಮಾನಿಸಿವೆ.

ಆರಂಭ ಮಾತ್ರ ಬಹಳ ಕೆಟ್ಟದಾಗಿತ್ತು. 1954ರಲ್ಲಿ ಸುಪ್ರೀಂ ಕೋರ್ಟ್ ಬ್ರೌನ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ಕಪ್ಪು ಮತ್ತು ಬಿಳಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಆ ತೀರ್ಪಿನೊಳಗೆ ಸೇರಿದ್ದ ಐದು ಮೊಕದ್ದಮೆಗಳಲ್ಲಿ ಒಂದು ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯದು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು). ಅಲ್ಲಿನ ಫಾರ್ಮ್‌ವಿಲ್ ಊರಿನಲ್ಲಿ ಕಪ್ಪು ಮಕ್ಕಳ ಹೈಸ್ಕೂಲಿನಲ್ಲಿ ಜಾಗ ಸಾಲದೆ, ಟಾರ್ ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. 1951ರಲ್ಲಿ ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ ಇಡೀ ಶಾಲೆಯನ್ನು ಮುಷ್ಕರಕ್ಕೆ ಎಬ್ಬಿಸಿದಳು. ಮೊಕದ್ದಮೆ ಹುಟ್ಟಿದ್ದು ಅಲ್ಲಿಂದ.

ಕೇಸು ಗೆದ್ದರು. ಆದರೆ ಕೌಂಟಿ ಏನು ಮಾಡಿತು ಗೊತ್ತೇ? ಒಟ್ಟಿಗೆ ಕೂರಿಸಿ ಓದಿಸಬೇಕೆಂಬ ಆದೇಶ ತಪ್ಪಿಸಲು 1959ರಲ್ಲಿ ತನ್ನ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿತು. ಒಂದೆರಡು ವಾರಕ್ಕಲ್ಲ, ಐದು ವರ್ಷಕ್ಕೆ. ಬಿಳಿಯರು ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ತೆರೆದುಕೊಂಡರು, ಅದರ ಫೀಸಿಗೆ ಸರ್ಕಾರದಿಂದ ಸಹಾಯಧನ ಪಡೆದರು. ಸುಮಾರು 1,700 ಕಪ್ಪು ಮಕ್ಕಳಿಗೆ ಊರಲ್ಲಿ ಶಾಲೆಯೇ ಇಲ್ಲದಂತಾಯಿತು. ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು, ಹಲವರು ಓದನ್ನೇ ಬಿಟ್ಟರು. 1964ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ ಶಾಲೆಗಳು ತೆರೆದವು.

ಅದೇ ವರ್ಜೀನಿಯಾದ ನ್ಯೂ ಕೆಂಟ್ ಕೌಂಟಿ ಇನ್ನೂ ಜಾಣತನ ತೋರಿಸಿತು. ಅಲ್ಲಿ ಇದ್ದದ್ದೇ ಎರಡು ಶಾಲೆ, ಒಂದು ಬಿಳಿಯರದು, ಒಂದು ಕಪ್ಪು ಮಕ್ಕಳದು. ‘ಯಾರು ಯಾವ ಶಾಲೆಗೆ ಬೇಕಾದರೂ ಸೇರಬಹುದು, ನಮ್ಮದೇನೂ ಅಡ್ಡಿಯಿಲ್ಲ’ ಎಂಬ ನಿಯಮ ಮಾಡಿದರು. ಮೂರು ವರ್ಷ ಕಳೆದರೂ ಒಬ್ಬೇ ಒಬ್ಬ ಬಿಳಿ ಮಗುವೂ ಆ ಕಡೆ ಹೋಗಲಿಲ್ಲ. ಕಪ್ಪು ಮಕ್ಕಳಲ್ಲಿ ನೂರಕ್ಕೆ 85 ಮಂದಿ ಇದ್ದಲ್ಲೇ ಇದ್ದರು. ಇಂಥ ಯೋಜನೆ ಸಾಲದು, ಭೇದ ಬೇರಿನಿಂದ ಹೋಗಬೇಕು ಎಂದು 1968ರಲ್ಲಿ ಕೋರ್ಟ್ ಹೇಳಿತು. ಕಾಗದದ ಮೇಲೆ ಎಲ್ಲರಿಗೂ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಲು ಹೆದರಿಕೆ ಇದ್ದರೆ ಆ ಬಾಗಿಲಿಗೆ ಅರ್ಥವಿಲ್ಲ.

ಇದೇ ಹೊತ್ತಿನಲ್ಲಿ ಬೇರೊಂದು ದಿಕ್ಕಿನಿಂದ ಒಂದು ವಿಚಾರ ಬಂತು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಒಂದು ಲೇಖನ ಬರೆದರು. ಶಿಕ್ಷಣಕ್ಕೆ ಸರ್ಕಾರ ದುಡ್ಡು ಕೊಡಲಿ, ಆದರೆ ಶಾಲೆಯನ್ನು ಸರ್ಕಾರವೇ ನಡೆಸಬೇಕೆಂದೇನಿಲ್ಲ ಎಂಬುದು ಅವರ ವಾದ. ತಂದೆತಾಯಿ ಕೈಗೆ ಒಂದು ಚೀಟಿ ಕೊಡಿ, ಅದೇ ವೋಚರ್. ಅದನ್ನು ಹಿಡಿದು ಅವರು ಇಷ್ಟದ ಶಾಲೆಗೆ ಹೋಗಲಿ. ಗಿರಾಕಿ ಕೈತಪ್ಪುವ ಭಯ ಇದ್ದರೆ ಶಾಲೆಗಳು ತಾವಾಗಿಯೇ ಸುಧಾರಿಸುತ್ತವೆ. ತರ್ಕ ಸರಳವಾಗಿದೆ. ಆದರೆ ದಕ್ಷಿಣದ ರಾಜ್ಯಗಳು ಫೀಸಿನ ಸಹಾಯಧನವನ್ನು ಭೇದ ಉಳಿಸಿಕೊಳ್ಳಲು ಬಳಸುತ್ತಿದ್ದ ಕಾಲ ಅದು. ಹಾಗಾಗಿ ಈ ವಿಚಾರಕ್ಕೆ ಅಂಟಿದ ಕಳಂಕ ಹೋಗಲು ದಶಕಗಳೇ ಬೇಕಾದವು.

1970ರ ದಶಕದಲ್ಲಿ ನಗರಗಳು ಇನ್ನೊಂದು ದಾರಿ ಹಿಡಿದವು. ವಿಜ್ಞಾನವೋ ಸಂಗೀತವೋ ನಾಟಕವೋ, ಒಂದು ವಿಶೇಷವನ್ನು ಮುಂದಿಟ್ಟು ‘ಮ್ಯಾಗ್ನೆಟ್’ ಶಾಲೆಗಳನ್ನು ತೆರೆದವು. ಬಲವಂತವಿಲ್ಲದೆ ಬಿಳಿ ಮತ್ತು ಕಪ್ಪು ಮಕ್ಕಳು ಒಂದೇ ಕಡೆ ಬರಲಿ ಎಂಬುದು ಆಸೆ. ಆದರೆ 1974ರಲ್ಲಿ ಡೆಟ್ರಾಯಿಟ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಪನಗರಗಳ ಡಿಸ್ಟ್ರಿಕ್ಟ್‌ಗಳ ತಪ್ಪು ಸಾಬೀತಾಗದೆ ಅವನ್ನೂ ಸೇರಿಸಿಕೊಂಡು ಮಕ್ಕಳನ್ನು ಬೆರೆಸುವ ಆದೇಶ ಮಾಡುವಂತಿಲ್ಲ ಎಂದುಬಿಟ್ಟಿತು. ಉಪನಗರಕ್ಕೆ ಮನೆ ಬದಲಿಸಿದ್ದ ಬಿಳಿ ಕುಟುಂಬಗಳಿಗೆ ಆ ಗಡಿಯೇ ಕೋಟೆಯಾಯಿತು.

1983ರಲ್ಲಿ ರೇಗನ್ ಸರ್ಕಾರ ನೇಮಿಸಿದ್ದ ಆಯೋಗವೊಂದು, ಅಮೆರಿಕದ ಶಾಲೆಗಳ ಮಟ್ಟ ಇಳಿದು ದೇಶವೇ ಅಪಾಯದಲ್ಲಿದೆ ಎಂದು ವರದಿ ಕೊಟ್ಟಿತು. ವರದಿಯಲ್ಲಿ ವೋಚರ್ ಮಾತಿಲ್ಲ, ಆದರೆ ‘ಏನಾದರೂ ಮಾಡಬೇಕು’ ಎಂಬ ಗಾಬರಿ ಹುಟ್ಟಿಸಿದ್ದು ಅದೇ. ಮಿನ್ನೆಸೋಟ ರಾಜ್ಯ ಮೊದಲು ಹೆಜ್ಜೆ ಇಟ್ಟಿತು. 1988ರ ಕಾನೂನಿನಿಂದ ಬೇರೆ ಡಿಸ್ಟ್ರಿಕ್ಟಿನ ಸರ್ಕಾರಿ ಶಾಲೆಗೂ ಸೇರಲು ದಾರಿ ಮಾಡಿತು. 1991ರಲ್ಲಿ ದೇಶದ ಮೊದಲ ಚಾರ್ಟರ್ ಕಾನೂನು ತಂದಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಚಾರ್ಟರ್ ಶಾಲೆ ಶುರುವಾಯಿತು.

ಚಾರ್ಟರ್ ಶಾಲೆ ಎಂದರೆ ಸರ್ಕಾರದ ದುಡ್ಡಿನಲ್ಲಿ, ಫೀಸಿಲ್ಲದೆ, ಬೇರೆಯವರು ನಡೆಸುವ ಶಾಲೆ. ಒಪ್ಪಂದಕ್ಕೆ ಅವಧಿ ಇರುತ್ತದೆ. ಹೇಳಿದಂತೆ ನಡೆಸದಿದ್ದರೆ ಮುಚ್ಚಿಸಬಹುದು. ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು. ಈ ವಿಚಾರವನ್ನು ದೇಶದ ಮುಂದೆ ಇಟ್ಟವರಲ್ಲಿ ಒಬ್ಬರು ಆಲ್ಬರ್ಟ್ ಶ್ಯಾಂಕರ್, ಅದೂ ಶಿಕ್ಷಕರ ದೊಡ್ಡ ಸಂಘವೊಂದರ ಅಧ್ಯಕ್ಷರು! ಶಿಕ್ಷಕರು ಸೇರಿ ಹೊಸ ಪಾಠಕ್ರಮ ಪ್ರಯತ್ನಿಸಿ, ಫಲಿಸಿದ್ದನ್ನು ಉಳಿದ ಶಾಲೆಗಳಿಗೆ ಹಂಚಲಿ ಎಂದು 1988ರಲ್ಲಿ ಅವರು ಕನಸಿದ್ದರು. ಕೆಲವೇ ವರ್ಷಗಳಲ್ಲಿ ಅದು ಕಂಪನಿಗಳ ಕೈಗೆ ಹೋಗುತ್ತಿದೆ, ಸಂಘಗಳನ್ನು ಹಣಿಯಲು ಬಳಕೆಯಾಗುತ್ತಿದೆ ಎಂದು ಅವರೇ ತಿರುಗಿಬಿದ್ದರು.

ಮಿಲ್ವಾಕಿ ನಗರದ ವೋಚರ್ ಯೋಜನೆಯ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1990ರಲ್ಲಿ ಇದನ್ನು ತಂದದ್ದು ಒಂದು ಅಪರೂಪದ ಜೋಡಿ: ಪಾಲಿ ವಿಲಿಯಮ್ಸ್ ಎಂಬ ಡೆಮಾಕ್ರಟಿಕ್ ಪಕ್ಷದ ಕಪ್ಪು ಶಾಸಕಿ, ಟಾಮಿ ಥಾಂಪ್ಸನ್ ಎಂಬ ರಿಪಬ್ಲಿಕನ್ ಗವರ್ನರ್. ಕಪ್ಪು-ಬಿಳಿ ಮಕ್ಕಳನ್ನು ಬೆರೆಸಲೆಂದು ಬಸ್ಸಿನಲ್ಲಿ ಊರಾಚೆ ಕಳಿಸುವುದು ಸಾಕು, ನಮ್ಮ ಕೇರಿಯಲ್ಲೇ ಒಳ್ಳೆಯ ಶಾಲೆ ಬೇಕು ಎಂಬುದು ವಿಲಿಯಮ್ಸ್ ಅವರ ಹಟ. ಬಡತನ ರೇಖೆಯ ಒಂದೂಮುಕ್ಕಾಲು ಪಟ್ಟಿಗಿಂತ ಆದಾಯ ಕಡಿಮೆ ಇದ್ದವರಿಗೆ ಮಾತ್ರ ವೋಚರ್. ಧಾರ್ಮಿಕ ಶಾಲೆಗಳಿಗೆ ಪ್ರವೇಶವಿಲ್ಲ. ಶಾಲೆ ಮಕ್ಕಳನ್ನು ಆರಿಸುವಂತಿಲ್ಲ, ಸೀಟು ಸಾಲದಿದ್ದರೆ ಲಾಟರಿ. ಒಂದು ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವೋಚರ್ ಮಕ್ಕಳಾಗುವಂತಿಲ್ಲ, ಅಂದರೆ ಸ್ವಂತ ದುಡ್ಡು ಕೊಟ್ಟು ಬರುವವರೂ ಅಲ್ಲಿರಬೇಕು. ಮೊದಲ ವರ್ಷ ಸೇರಿದ್ದು ಸುಮಾರು 340 ಮಕ್ಕಳು.

ಮುಂದೆ ಒಂದೊಂದೇ ಬೇಲಿ ಬಿತ್ತು. 1995ರಲ್ಲಿ ಧಾರ್ಮಿಕ ಶಾಲೆಗಳನ್ನು ಸೇರಿಸಿದರು, 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲೆ ಆದಾಯದ ಮಿತಿಯೂ ಸಡಿಲವಾಯಿತು. ಬಡವರಿಗೆಂದು ಮಾಡಿದ್ದನ್ನು ಉಳ್ಳವರಿಗೆ ಹಂಚಬೇಡಿ ಎಂದು ಪಾಲಿ ವಿಲಿಯಮ್ಸ್ ಅದನ್ನು ವಿರೋಧಿಸಿದರು. ಯೋಜನೆಗೆ ಹೆಸರು ಅದೇ ಉಳಿಯಿತು, ಒಳಗಿನ ಲೆಕ್ಕಾಚಾರ ಪೂರ್ತಿ ಬೇರೆಯಾಯಿತು.

ಇನ್ನೊಂದು ಕಡೆ ಕೇಂದ್ರ ಸರ್ಕಾರ ಪರೀಕ್ಷೆಯ ದೊಣ್ಣೆ ಹಿಡಿಯಿತು. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನಿನ ಪ್ರಕಾರ 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಸಬೇಕು. 2014ರ ಹೊತ್ತಿಗೆ ಪ್ರತಿಯೊಂದು ಮಗುವೂ ನಿಗದಿತ ಮಟ್ಟ ಮುಟ್ಟಬೇಕು. ನೂರಕ್ಕೆ ನೂರು! ಇಂಥ ಗುರಿ ಇಟ್ಟಾಗಲೇ ಅದು ಮುಗ್ಗರಿಸುವುದು ಗ್ಯಾರಂಟಿಯಾಗಿತ್ತು. ಸತತ ಎರಡು ವರ್ಷ ಗುರಿ ತಪ್ಪಿದ ಶಾಲೆಯ ಮಕ್ಕಳಿಗೆ ಅದೇ ಡಿಸ್ಟ್ರಿಕ್ಟಿನ ಬೇರೆ ಶಾಲೆಗೆ ಹೋಗುವ ಹಕ್ಕು ಸಿಗುತ್ತಿತ್ತು. ಆದರೆ ಆ ಹಕ್ಕು ಇದ್ದವರಲ್ಲಿ ಅದನ್ನು ಬಳಸಿದವರು ನೂರಕ್ಕೆ ಒಬ್ಬರಷ್ಟೇ. ಎಷ್ಟೋ ಕಡೆ ತಂದೆತಾಯಿಗೆ ಪತ್ರ ತಲುಪಿದ್ದೇ ಶಾಲೆ ಶುರುವಾದ ಮೇಲೆ. ಒಳ್ಳೆಯ ಶಾಲೆಗಳಲ್ಲಿ ಸೀಟು ಖಾಲಿ ಇರಲಿಲ್ಲ. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಂತೂ ಆ ತರಗತಿಗೆ ಇದ್ದದ್ದೇ ಒಂದು ಶಾಲೆ. ಇದಕ್ಕೇ ಮೂಗಿಗೆ ತುಪ್ಪ ಸವರುವುದು ಎನ್ನುವುದು. 2015ರಲ್ಲಿ ಈ ಕಾನೂನಿನ ಜಾಗಕ್ಕೆ ಹೊಸದು ಬಂತು. ಪರೀಕ್ಷೆ ಉಳಿಯಿತು, ಶಿಕ್ಷೆಯ ಅಧಿಕಾರ ರಾಜ್ಯಗಳಿಗೆ ಹೋಯಿತು.

ಈ ಎಲ್ಲ ಗದ್ದಲದ ನಡುವೆ ಸದ್ದಿಲ್ಲದೆ ನಡೆದ ಒಂದು ಸುಧಾರಣೆ ಇದೆ. ಅದಕ್ಕೆ ರಾಜಕೀಯ ಬಣ್ಣ ಇಲ್ಲದ್ದರಿಂದಲೋ ಏನೋ, ಹೆಚ್ಚು ಜನರಿಗೆ ಗೊತ್ತಿಲ್ಲ. ಸೀಟು ಹಂಚುವ ವಿಧಾನ ಅದು.

ಬಾಸ್ಟನ್‌ನಲ್ಲಿ ಪೋಷಕರು ಇಷ್ಟದ ಶಾಲೆಗಳನ್ನು ಕ್ರಮವಾಗಿ ಬರೆದು ಕೊಡುತ್ತಿದ್ದರು. ಮೊದಲ ಸುತ್ತಿನಲ್ಲಿ ಪ್ರತಿ ಶಾಲೆಯೂ ತನ್ನ ಹೆಸರನ್ನು ಮೊದಲನೆಯದಾಗಿ ಬರೆದವರಿಗೆ ಮಾತ್ರ ಸೀಟು ಕೊಡುತ್ತಿತ್ತು, ಕೊಟ್ಟ ಸೀಟು ಕಾಯಂ. ಈಗ ನಿಮಗೆ ‘ಕೆಂಪು’ ಶಾಲೆ ಬಹಳ ಇಷ್ಟ, ‘ನೀಲಿ’ ಎರಡನೆಯದು ಎಂದುಕೊಳ್ಳಿ. ಹಾಗೇ ಬರೆದಿರಿ. ಕೆಂಪು ಸಿಗಲಿಲ್ಲ. ಸರಿ, ನೀಲಿಯನ್ನು ಕೇಳೋಣ ಎಂದರೆ, ಅದನ್ನು ಮೊದಲನೆಯದಾಗಿ ಬರೆದವರಿಂದಲೇ ಅದು ಆಗಲೇ ಭರ್ತಿ. ನಿಮ್ಮ ಮನೆ ನೀಲಿ ಶಾಲೆಯ ಪಕ್ಕದಲ್ಲೇ ಇದ್ದರೂ ಪ್ರಯೋಜನವಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದದ್ದೇ ತಪ್ಪಾಯಿತು! ಇದನ್ನು ಅರಿತ ಪೋಷಕರು ತಮ್ಮತಮ್ಮಲ್ಲೇ ಸಭೆ ಸೇರಿ, ಯಾವ ಶಾಲೆಗೆ ಎಷ್ಟು ನೂಕುನುಗ್ಗಲು, ಯಾವುದನ್ನು ಮೊದಲು ಬರೆದರೆ ಕ್ಷೇಮ ಎಂದು ಲೆಕ್ಕ ಹಾಕುತ್ತಿದ್ದರು. ಇಂಥ ಸಭೆಗೆ ಬರಲು ಪುರಸೊತ್ತು, ಪರಿಚಯ ಎರಡೂ ಇಲ್ಲದವರು ಸುಮ್ನೆ ನಿಜ ಬರೆದು ಸೀಟು ಕಳೆದುಕೊಳ್ಳುತ್ತಿದ್ದರು.

ಆಲ್ವಿನ್ ರಾತ್, ಪರಾಗ್ ಪಾಠಕ್ ಮೊದಲಾದ ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಪರಿಹಾರ ಹೇಳಿದರು. ಯಾವ ಸೀಟನ್ನೂ ಕೊನೆಯವರೆಗೆ ಕಾಯಂ ಮಾಡಬೇಡಿ. ಕೆಂಪು ಸಿಗದೆ ನೀಲಿಗೆ ಬಂದ ಮಗುವಿಗೆ ಅಲ್ಲಿ ಆದ್ಯತೆ ಹೆಚ್ಚಿದ್ದರೆ, ಮೊದಲು ಕೂತಿದ್ದ ಮಗು ಎದ್ದು ತನ್ನ ಮುಂದಿನ ಶಾಲೆಗೆ ಹೋಗಲಿ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವುದು, ಮನೆ ಹತ್ತಿರ ಇರುವುದು, ಲಾಟರಿ ಸಂಖ್ಯೆ, ಇವೆಲ್ಲ ಸೇರಿ ಆದ್ಯತೆ. ಯಾರೂ ಏಳಬೇಕಾಗಿಲ್ಲ ಎಂಬ ಹಂತ ಬಂದಾಗ ಮಾತ್ರ ಪಟ್ಟಿಯನ್ನು ಅಂತಿಮ ಮಾಡಿ. ಹೀಗೆ ಮಾಡಿದರೆ ನಿಜ ಬರೆದವರಿಗೆ ಎಂದೂ ನಷ್ಟವಿಲ್ಲ ಎಂದು ಗಣಿತದಿಂದಲೇ ತೋರಿಸಬಹುದು. ಬಾಸ್ಟನ್ 2005ರಲ್ಲಿ ಇದಕ್ಕೆ ಒಪ್ಪಿತು.

ಅದಕ್ಕೂ ಮುಂಚೆಯೇ ನ್ಯೂಯಾರ್ಕ್ ನಗರ ತನ್ನ ಹೈಸ್ಕೂಲುಗಳಿಗೆ ಇದೇ ಬಗೆಯ ವಿಧಾನ ತಂದಿತ್ತು. ಅಲ್ಲಿ ವರ್ಷಕ್ಕೆ ಸುಮಾರು 90,000 ಮಕ್ಕಳು ಹೈಸ್ಕೂಲಿಗೆ ಬರುತ್ತಾರೆ. ಹಳೆಯ ಪದ್ಧತಿಯಲ್ಲಿ ಕೆಲವರಿಗೆ ನಾಲ್ಕಾರು ಶಾಲೆಗಳಿಂದ ಕರೆ, ಸುಮಾರು 30,000 ಮಕ್ಕಳಿಗೆ ತಾವು ಬರೆದ ಪಟ್ಟಿಯಲ್ಲೇ ಇಲ್ಲದ ಶಾಲೆ. ಹೊಸ ವಿಧಾನದ ಮೊದಲ ವರ್ಷವೇ ಆ ಸಂಖ್ಯೆ 3,000ದ ಆಸುಪಾಸಿಗೆ ಇಳಿಯಿತು. ಒಂದೇ ಒಂದು ಹೊಸ ಶಾಲೆ ಕಟ್ಟದೆ ಆದ ಕೆಲಸ ಇದು. ರಾತ್ ಅವರಿಗೆ 2012ರಲ್ಲಿ ನೊಬೆಲ್ ಬಂದದ್ದರ ಹಿಂದೆ ಇಂಥ ಕೆಲಸಗಳಿವೆ. ಆದರೆ ಒಂದು ಮಾತು: ಒಳ್ಳೆಯ ಸೀಟುಗಳೇ ಕಡಿಮೆ ಇದ್ದರೆ ಎಷ್ಟು ನ್ಯಾಯವಾಗಿ ಹಂಚಿದರೂ ಕೊರತೆ ಕೊರತೆಯೇ.

ಎಲ್ಲವನ್ನೂ ಒಂದೇ ಸಲ ಬದಲಿಸಿದ ಊರು ನ್ಯೂ ಆರ್ಲಿಯನ್ಸ್. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಬಂದು ಹೋದ ಮೇಲೆ ರಾಜ್ಯ ಸರ್ಕಾರ ಬಹುತೇಕ ಶಾಲೆಗಳನ್ನು ತನ್ನ ಕೈಗೆ ತೆಗೆದುಕೊಂಡು ಚಾರ್ಟರ್ ಸಂಸ್ಥೆಗಳಿಗೆ ಒಪ್ಪಿಸಿತು. ಸಾವಿರಾರು ಶಿಕ್ಷಕರು, ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಕಪ್ಪು ಮಹಿಳೆಯರು, ಅದೇ ಕೇರಿಗಳಲ್ಲಿ ಬೆಳೆದವರು. ಮುಂದಿನ ವರ್ಷಗಳಲ್ಲಿ ಅಂಕಗಳು ಏರಿದ್ದು ನಿಜ, ಅದನ್ನು ಗಂಭೀರ ಅಧ್ಯಯನಗಳು ಒಪ್ಪಿವೆ. ಜೊತೆಗೆ ಇನ್ನೊಂದನ್ನೂ ಕಂಡುಕೊಂಡವು. ಮಕ್ಕಳ ಸಂಖ್ಯೆ, ಅಂಕ ಎರಡಕ್ಕೂ ಪೈಪೋಟಿ ಬಿದ್ದ ಕೆಲವು ಮುಖ್ಯೋಪಾಧ್ಯಾಯರು ಖಾಲಿ ಸೀಟಿದ್ದರೂ ಹೊರಗೆ ಹೇಳುತ್ತಿರಲಿಲ್ಲ. ‘ಈ ಮಗುವಿಗೆ ನಮ್ಮ ಶಾಲೆ ಹೊಂದುವುದಿಲ್ಲವೇನೋ’ ಎಂದು ನಯವಾಗಿ ಸಾಗಹಾಕುತ್ತಿದ್ದರು. 2012ರಲ್ಲಿ ಎಲ್ಲ ಶಾಲೆಗಳಿಗೂ ಒಂದೇ ಅರ್ಜಿ ಎಂಬ ಪದ್ಧತಿ ಶುರುವಾದದ್ದರಲ್ಲಿ ಈ ಒಳಾಟಕ್ಕೆ ಕಡಿವಾಣ ಹಾಕುವ ಉದ್ದೇಶವೂ ಇತ್ತು.

ಹಾಗಾದರೆ ಒಟ್ಟಾರೆ ಲಾಭವಾಯಿತೇ? ಯಾವ ಯೋಜನೆ, ಯಾವ ಊರು ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳುವಂತಿಲ್ಲ. ಸ್ಟ್ಯಾನ್‌ಫರ್ಡ್‌ನ ತಂಡವೊಂದು 2009ರಲ್ಲಿ ಲೆಕ್ಕ ಹಾಕಿದಾಗ ಗಣಿತದಲ್ಲಿ ನೂರಕ್ಕೆ 17 ಚಾರ್ಟರ್ ಶಾಲೆಗಳು ಸಾಮಾನ್ಯ ಸರ್ಕಾರಿ ಶಾಲೆಗಳಿಗಿಂತ ಮುಂದಿದ್ದವು, 37 ಹಿಂದಿದ್ದವು, ಉಳಿದವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ತಂಡದ 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ಸರಾಸರಿ ಸ್ವಲ್ಪ ಮುಂದಿದ್ದರು. ಬಾಸ್ಟನ್‌ನಲ್ಲಿ ಲಾಟರಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದಾಗ ಚಾರ್ಟರ್‌ಗೆ ಹೋದವರಿಗೆ ದೊಡ್ಡ ಲಾಭ ಕಂಡಿತು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂರಿಸುವ ಆನ್‌ಲೈನ್ ಚಾರ್ಟರ್‌ಗಳ ಫಲಿತಾಂಶವಂತೂ ತೀರಾ ಕಳಪೆ. ಲೂಸಿಯಾನಾದಲ್ಲಿ ವೋಚರ್ ಹಿಡಿದು ಖಾಸಗಿ ಶಾಲೆಗೆ ಹೋದ ಮಕ್ಕಳ ಗಣಿತದ ಅಂಕ ಕುಸಿಯಿತು. ಯಾಕೆ ಎಂದು ಕೆದಕಿದರೆ, ಯೋಜನೆಗೆ ಸೇರಿಕೊಂಡಿದ್ದವುಗಳಲ್ಲಿ ಮಕ್ಕಳಿಲ್ಲದೆ ಸೊರಗುತ್ತಿದ್ದ ಖಾಸಗಿ ಶಾಲೆಗಳೇ ಜಾಸ್ತಿ. ಇನ್ನು ರಾಜಧಾನಿ ವಾಷಿಂಗ್ಟನ್‌ನ ವೋಚರ್ ಯೋಜನೆಯಲ್ಲಿ ಹೈಸ್ಕೂಲ್ ಮುಗಿಸಿದವರ ಪ್ರಮಾಣ ಹೆಚ್ಚಿತು. ಫ್ಲೋರಿಡಾದಲ್ಲಿ ಪೈಪೋಟಿ ಹತ್ತಿರ ಬಂದಾಗ ಸರ್ಕಾರಿ ಶಾಲೆಗಳೂ ಸ್ವಲ್ಪ ಸುಧಾರಿಸಿದವು. ಫ್ರೀಡ್‌ಮನ್ ಊಹಿಸಿದ್ದು ಪೂರ್ತಿ ಸುಳ್ಳೂ ಅಲ್ಲ.

2002ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ, ವೋಚರ್ ದುಡ್ಡು ಧಾರ್ಮಿಕ ಶಾಲೆಗೆ ಹೋದರೂ ಅಡ್ಡಿಯಿಲ್ಲ, ಆರಿಸುವವರು ತಂದೆತಾಯಿ ತಾನೇ ಎಂದಿತು. 2020 ಮತ್ತು 2022ರ ತೀರ್ಪುಗಳು ಇನ್ನೂ ಮುಂದೆ ಹೋದವು. ಖಾಸಗಿ ಶಾಲೆಗಳಿಗೆ ಸಹಾಯ ಕೊಡುವ ರಾಜ್ಯ ಧಾರ್ಮಿಕ ಶಾಲೆಗಳನ್ನು ಮಾತ್ರ ಹೊರಗಿಡುವಂತಿಲ್ಲ. ಹಾಗಾದರೆ ಚರ್ಚ್ ನೇರವಾಗಿ ಚಾರ್ಟರ್ ಶಾಲೆಯನ್ನೇ ನಡೆಸಬಹುದೇ? ಒಕ್ಲಹೋಮಾದಿಂದ ಬಂದ ಈ ಪ್ರಶ್ನೆ 2025ರ ಮೇ ತಿಂಗಳಲ್ಲಿ ನಾಲ್ಕು-ನಾಲ್ಕಕ್ಕೆ ನಿಂತು, ರಾಜ್ಯದ ಕೋರ್ಟ್ ಹೇಳಿದ್ದ ‘ಇಲ್ಲ’ ಸದ್ಯಕ್ಕೆ ಉಳಿದಿದೆ.

ಈಗಿನ ಅಲೆ ವೋಚರ್‌ಗಿಂತ ಒಂದು ಹೆಜ್ಜೆ ಮುಂದಿನದು. ಸರ್ಕಾರ ಮಗುವಿನ ಹೆಸರಿನ ಖಾತೆಗೆ ದುಡ್ಡು ಹಾಕುತ್ತದೆ. ಖಾಸಗಿ ಶಾಲೆ ಫೀಸು, ಟ್ಯೂಷನ್, ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಲು ಬೇಕಾದ ಸಾಮಾನು, ಯಾವುದಕ್ಕೆ ಬೇಕಾದರೂ ಪೋಷಕರು ಅದರಿಂದ ಖರ್ಚು ಮಾಡಬಹುದು. ಆರಿಜೋನಾ 2011ರಲ್ಲಿ ಇದನ್ನು ಅಂಗವಿಕಲ ಮಕ್ಕಳಿಗಾಗಿ ಶುರುಮಾಡಿತು. ಎಲ್ಲರಿಗೂ ವಿಸ್ತರಿಸುವ ಪ್ರಸ್ತಾಪವನ್ನು 2018ರಲ್ಲಿ ಅಲ್ಲಿನ ಮತದಾರರು ದೊಡ್ಡ ಅಂತರದಲ್ಲಿ ತಿರಸ್ಕರಿಸಿದರು. 2022ರಲ್ಲಿ ಶಾಸನಸಭೆ ಅದನ್ನೇ ಜಾರಿ ಮಾಡಿತು. ಕೋಟ್ಯಧೀಶನ ಮಗುವಿಗೂ ವರ್ಷಕ್ಕೆ ಸುಮಾರು 7,000 ಡಾಲರ್! ಮೊದಲು ಅರ್ಜಿ ಹಾಕಿದವರಲ್ಲಿ ನಾಲ್ಕನೇ ಮೂರು ಭಾಗ ಸರ್ಕಾರಿ ಶಾಲೆಯಲ್ಲಿ ಇರಲೇ ಇಲ್ಲ ಎಂದು ಅಲ್ಲಿನ ಶಿಕ್ಷಣ ಇಲಾಖೆಯೇ ಹೇಳಿತು. ಬೇಲಿಯೇ ಇಲ್ಲದ ಯೋಜನೆಯಲ್ಲಿ ಮೊದಲು ಬಂದು ನಿಲ್ಲುವವರು ಆಗಲೇ ಫೀಸು ಕಟ್ಟುತ್ತಿರುವವರು, ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2023ರಲ್ಲಿ ಫ್ಲೋರಿಡಾ ಇದೇ ದಾರಿ ಹಿಡಿಯಿತು. 2025ರಲ್ಲಿ ಟೆಕ್ಸಾಸ್ 100 ಕೋಟಿ ಡಾಲರ್ ತೆಗೆದಿಟ್ಟಿತು. ಆದರೆ ಜನರನ್ನೇ ನೇರವಾಗಿ ಕೇಳಿದಾಗ ಉತ್ತರ ಬೇರೆ. 2024ರ ನವೆಂಬರ್‌ನಲ್ಲಿ ಕೆಂಟಕಿ, ನೆಬ್ರಾಸ್ಕಾ, ಕೊಲರಾಡೊ ಮೂರರಲ್ಲೂ ಮತದಾರರು ಇಂಥ ಪ್ರಸ್ತಾಪಗಳ ವಿರುದ್ಧ ಮತ ಹಾಕಿದರು. ಹಳ್ಳಿಗಾಡಿನ ಕೌಂಟಿಗಳಲ್ಲಿ ಖಾಸಗಿ ಶಾಲೆ ಹತ್ತಿರದಲ್ಲೆಲ್ಲೂ ಇರುವುದಿಲ್ಲ. ಅಲ್ಲಿನ ಸರ್ಕಾರಿ ಶಾಲೆ ಊರಿನ ದೊಡ್ಡ ಉದ್ಯೋಗದಾತನೂ ಹೌದು.

ಇದೀಗ ಕೇಂದ್ರ ಸರ್ಕಾರವೂ ಕಣಕ್ಕಿಳಿದಿದೆ. 2025ರ ಜುಲೈನಲ್ಲಿ ಸಹಿಯಾದ ಕಾನೂನಿನ ಪ್ರಕಾರ, 2027ರಿಂದ ವಿದ್ಯಾರ್ಥಿವೇತನ ಸಂಸ್ಥೆಗಳಿಗೆ ದೇಣಿಗೆ ಕೊಟ್ಟವರು 1,700 ಡಾಲರ್‌ವರೆಗಿನ ಮೊತ್ತವನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಪೂರ್ತಿ ಕಡಿತ ಮಾಡಿಕೊಳ್ಳಬಹುದು. ಸೇರಬೇಕೋ ಬೇಡವೋ ಎಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಡೆಮಾಕ್ರಟಿಕ್ ಗವರ್ನರ್‌ಗಳಿಗೆ ಇದು ಬಿಸಿ ತುಪ್ಪ. ಸೇರಿದರೆ ಶಿಕ್ಷಕರ ಸಂಘಗಳ ಸಿಟ್ಟು. ಸೇರದಿದ್ದರೂ ತಮ್ಮ ರಾಜ್ಯದ ತೆರಿಗೆದಾರರು ಬೇರೆ ರಾಜ್ಯದ ಸಂಸ್ಥೆಗೆ ದೇಣಿಗೆ ಕೊಟ್ಟು ಅದೇ ರಿಯಾಯಿತಿ ಪಡೆಯಬಹುದು, ದುಡ್ಡು ಮಾತ್ರ ಅಲ್ಲಿನ ಮಕ್ಕಳಿಗೆ ಹೋಗುತ್ತದೆ. ಈ ವಿದ್ಯಾರ್ಥಿವೇತನವನ್ನು ಸರ್ಕಾರಿ ಶಾಲೆಯ ಮಕ್ಕಳ ಟ್ಯೂಷನ್‌ಗೂ ಬಳಸಬಹುದೆಂಬ ಕಾರಣಕ್ಕೆ, ಸೇರಿ ಒಳಗಿಂದಲೇ ನಿಯಮ ಬಿಗಿ ಮಾಡೋಣ ಎನ್ನುವವರೂ ಆ ಪಕ್ಷದಲ್ಲಿ ಇದ್ದಾರೆ. ಆದರೆ ಸಂಸ್ಥೆಗಳ ಮೇಲೆ ಹೆಚ್ಚಿನ ಷರತ್ತು ಹಾಕುವ ಅಧಿಕಾರ ರಾಜ್ಯಕ್ಕೆ ಎಷ್ಟು ಇರಬೇಕು ಎಂಬುದೇ ಈಗಿನ ಎಳೆದಾಟ.